ಕಂತಿನಲ್ಲಿ ಕೊಟ್ಟ ಬಿಡುಗಡೆ

ಅಮೆರಿಕದ ಗುಲಾಮಗಿರಿ ಅಂದ ಕೂಡಲೆ ನಮ್ಮ ಕಣ್ಣ ಮುಂದೆ ಬರೋದು ದಕ್ಷಿಣದ ಹತ್ತಿ ಹೊಲ. ಉತ್ತರ ಅಂದರೆ ಬಿಡಿಸಿದವರ ಸೀಮೆ, ಲಿಂಕನ್ನನ ಸೀಮೆ. 1873ರಲ್ಲಿ ಜೋತಿಬಾ ಫುಲೆ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು, ಗುಲಾಮರನ್ನು ಬಿಡಿಸಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಆ ಕೃತಜ್ಞತೆ ದೊಡ್ಡದು. ಆದರೆ ಬಿಡಿಸಿದವರ ಮನೆಯ ಹಿತ್ತಲನ್ನೂ ನಾವು ನೋಡಬೇಕಲ್ಲವೆ? ನ್ಯೂಯಾರ್ಕ್ ಅಂಥ ಒಂದು ಹಿತ್ತಲು.

ಡಚ್ ವೆಸ್ಟ್ ಇಂಡಿಯಾ ಕಂಪನಿ 1620ರ ದಶಕದಲ್ಲೇ ಆಫ್ರಿಕಾದ ಆಳುಗಳನ್ನು ಅಲ್ಲಿಗೆ ತಂದು ಹಾಕಿತು. ಕಾಡು ಕಡಿದವರು, ಕೋಟೆ ಕಟ್ಟಿದವರು, ದಾರಿ ಮಾಡಿದವರು ಅವರು. 1644ರಲ್ಲಿ ಅವರಲ್ಲಿ 11 ಜನಕ್ಕೆ ‘ಅರ್ಧ ಬಿಡುಗಡೆ’ ಸಿಕ್ಕಿತು. ವರ್ಷಾವರ್ಷ ಕಾಳು ಅಳೆಯಬೇಕು, ಕೊಬ್ಬಿದ ಹಂದಿಯೊಂದನ್ನು ಒಪ್ಪಿಸಬೇಕು, ಕರೆದಾಗ ಹೋಗಿ ದುಡಿಯಬೇಕು. ಮಕ್ಕಳ ಗತಿ? ಹುಟ್ಟಿದವರೂ, ಇನ್ನು ಹುಟ್ಟುವವರೂ ಕಂಪನಿಯ ಗುಲಾಮರೇ. ಅವ್ವ ಬಿಡುಗಡೆಯಾದಳು, ಅವಳ ಹೊಟ್ಟೆಯ ಕೂಸು ಗುಲಾಮನಾಗಿಯೇ ಉಳಿಯಿತು!

1664ರಲ್ಲಿ ಇಂಗ್ಲಿಷರು ಬಂದರು. ಒಡೆಯರು ಬದಲಾದರು, ನೊಗ ಬದಲಾಗಲಿಲ್ಲ. ಇವತ್ತು ಜಗತ್ತಿನ ದುಡ್ಡು ಓಡಾಡುವ ವಾಲ್ ಸ್ಟ್ರೀಟಿನ ತುದಿಯಲ್ಲಿ, 1711ರಲ್ಲಿ ನಗರಾಡಳಿತವೇ ಆಳುಗಳನ್ನು ಮಾರುವ, ಬಾಡಿಗೆಗೆ ಬಿಡುವ ಸಂತೆಯನ್ನು ಗೊತ್ತುಮಾಡಿತು. ಮರುವರ್ಷವೇ ದಂಗೆ. 21 ಜನರಿಗೆ ಮರಣದಂಡನೆ. 1741ರಲ್ಲಿ ಊರಿಗೆ ಬೆಂಕಿ ಇಡುವ ಸಂಚು ನಡೆಸಿದರು ಅಂತ ಹೇಳಿ 13 ಕಪ್ಪು ಜನರನ್ನು ಸುಟ್ಟರು, 17 ಜನರನ್ನು ನೇಣಿಗೆ ಹಾಕಿದರು. ಉತ್ತರದ ಗುಲಾಮಗಿರಿ ಮೆದುವಾಗಿತ್ತು ಅನ್ನೋರಿಗೆ ಈ ಬೂದಿಯೇ ಉತ್ತರ.

ಅಮೆರಿಕ ಸ್ವತಂತ್ರವಾಯಿತು. ಎಲ್ಲರೂ ಸಮಾನರು ಅಂತ ಸಾರಿತು. 1790ರ ಜನಗಣತಿಯಲ್ಲಿ ನ್ಯೂಯಾರ್ಕ್ ರಾಜ್ಯವೊಂದರಲ್ಲೇ 21 ಸಾವಿರಕ್ಕೂ ಹೆಚ್ಚು ಗುಲಾಮರಿದ್ದರು. ಆಮೇಲೆ 1799ರಲ್ಲಿ ಬಿಡುಗಡೆಯ ಕಾನೂನು ಬಂತು. ಅದರ ಜಾಣತನ ನೋಡಿ. ಆ ವರ್ಷದ ಜುಲೈ 4ರ ನಂತರ ಹುಟ್ಟಿದ ಮಕ್ಕಳು ಸ್ವತಂತ್ರರು; ಆದರೆ ಗಂಡಾದರೆ 28, ಹೆಣ್ಣಾದರೆ 25 ವರ್ಷ ತುಂಬುವ ತನಕ ಅವ್ವನ ಒಡೆಯನಿಗೇ ದುಡಿಯಬೇಕು. ಅಂದರೆ ಬಿಡುಗಡೆಯ ಬೆಲೆಯನ್ನು ಒಡೆಯ ಕೊಡಲಿಲ್ಲ. ಮಕ್ಕಳು ತಮ್ಮ ಪ್ರಾಯವನ್ನೇ ತೆತ್ತು ಕೊಟ್ಟರು. ಅದಕ್ಕೆ ಮುಂಚೆ ಹುಟ್ಟಿದವರಿಗೆ ಏನೂ ಇಲ್ಲ. ಅವರಿಗೂ ಬಿಡುಗಡೆ ಅಂತ 1817ರಲ್ಲಿ ಇನ್ನೊಂದು ಕಾನೂನು ಮಾಡಿದರು. ಗಡುವು? ಮತ್ತೆ ಹತ್ತು ವರ್ಷ, 1827ರ ಜುಲೈ 4. ಆ ದಿನ ಕಳೆದ ಮೇಲೂ ಆ ಮಕ್ಕಳ ದುಡಿಮೆಯ ವಾಯಿದೆ ಮುಗಿಯಲಿಲ್ಲ.

ಈ ಕಾನೂನಿನ ನೆರಳಲ್ಲಿ ಬೆಳೆದವಳು ಇಸಬೆಲ್ಲಾ. ಮಾತಾಡಲು ಕಲಿತದ್ದು ಡಚ್ ಭಾಷೆ. ಒಂಬತ್ತರ ವಯಸ್ಸಿನಲ್ಲಿ ಕುರಿಮಂದೆಯ ಜೊತೆ 100 ಡಾಲರಿಗೆ ಮಾರಾಟವಾದ ಹುಡುಗಿ. ಒಂದು ವರ್ಷ ಮುಂಚೆಯೇ ಬಿಡ್ತೀನಿ ಅಂದಿದ್ದ ಒಡೆಯ ಮಾತಿಗೆ ತಪ್ಪಿದಾಗ, 1826ರಲ್ಲಿ ಎಳೆಗೂಸನ್ನು ಎತ್ತಿಕೊಂಡು ನಡೆದೇಬಿಟ್ಟಳು. ಮಿಕ್ಕ ಮಕ್ಕಳನ್ನು ಕಾನೂನು ಕಟ್ಟಿಹಾಕಿತ್ತು. ಮಗ ಪೀಟರನನ್ನು ಕಾನೂನು ಮೀರಿ ಅಲಬಾಮಾಕ್ಕೆ ಸಾಗಿಸಿದ್ದರು. ಓದು ಬರಹ ಬಾರದ ಆ ತಾಯಿ ಬಿಳಿಯರ ಕೋರ್ಟಿನ ಮೆಟ್ಟಿಲು ಹತ್ತಿ, 1828ರಲ್ಲಿ ಮಗನನ್ನು ವಾಪಸು ಪಡೆದಳು. ಮುಂದೆ ಸೊಜರ್ನರ್ ಟ್ರೂತ್ ಅಂತ ಲೋಕಕ್ಕೆ ಗೊತ್ತಾದವಳು ಈಕೆಯೇ.

ಬಿಡುಗಡೆಗೆ ಮುಂಚೆಯೇ ಇನ್ನೊಂದು ಬಾಗಿಲು ಮುಚ್ಚಿದ್ದರು. 1821ರ ರಾಜ್ಯ ಸಂವಿಧಾನ ಬಿಳಿಯರ ಮತಕ್ಕಿದ್ದ ಆಸ್ತಿಯ ಷರತ್ತನ್ನು ಕಿತ್ತುಹಾಕಿತು. ಕಪ್ಪು ಗಂಡಸು ಮತ ಹಾಕಬೇಕಾದರೆ 250 ಡಾಲರಿನ ಆಸ್ತಿ ಇರಬೇಕು ಅಂದಿತು. ಕೂಲಿ ಕೊಡದೆ ದುಡಿಸಿಕೊಂಡವರೇ ಆಸ್ತಿ ಎಲ್ಲಿ ಅಂತ ಕೇಳಿದರು! ಈ ಷರತ್ತು ಹೋಗಿದ್ದು 1870ರಲ್ಲಿ, ದೇಶದ ಸಂವಿಧಾನಕ್ಕೆ ತಿದ್ದುಪಡಿ ಬಂದ ಮೇಲೆ.

ಸತ್ತ ಮೇಲೂ ಬೇರೆ ನೆಲ. ಟ್ರಿನಿಟಿ ಚರ್ಚು 1697ರಲ್ಲೇ ತನ್ನ ಸ್ಮಶಾನದಲ್ಲಿ ಕಪ್ಪು ಜನರನ್ನು ಹೂಳಬಾರದು ಅಂತ ಗೊತ್ತುಮಾಡಿತ್ತು. ಊರಾಚೆ ಅವರು ಹೂತ ನೆಲದ ಮೇಲೆ ನಗರ ಬೆಳೆಯಿತು, ಹೆಸರೂ ಅಳಿಯಿತು. 1991ರಲ್ಲಿ ಸರ್ಕಾರಿ ಕಟ್ಟಡಕ್ಕೆ ಪಾಯ ತೋಡಿದಾಗ ಮೂಳೆಗಳು ಎದ್ದುಬಂದವು. ತೆಗೆದದ್ದು 419 ಜನರ ಅವಶೇಷ. ಅರ್ಧಕ್ಕೆ ಹತ್ತಿರ ಮಕ್ಕಳು. ಕಪ್ಪು ಜನ ಬೀದಿಗಿಳಿದು ಅಗೆತ ನಿಲ್ಲಿಸಿದರು. 2003ರಲ್ಲಿ ಗೌರವದಿಂದ ಮತ್ತೆ ಮಣ್ಣು ಮಾಡಿದರು. 2006ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು.

ಮೇಷ್ಟ್ರುಗಳೇ, ಗೆಳೆಯರೇ, ತರಗತಿಯಲ್ಲಿ ಲಿಂಕನ್ನನ ಪಾಠ ಬಂದಾಗ ಇದನ್ನೂ ಹೇಳಿ. ಯಾವುದೇ ಬಿಡುಗಡೆಯ ಕಾನೂನು ಕೈಗೆ ಬಂದರೂ ಮೂರು ಪ್ರಶ್ನೆ ಕೇಳೋದನ್ನು ಮಕ್ಕಳಿಗೆ ಕಲಿಸಿ: ಯಾರಿಗೆ? ಯಾವತ್ತಿನಿಂದ? ಬೆಲೆ ತೆರುವವರು ಯಾರು?