ಗೀರಿನ ಚರಿತ್ರೆ: ಬ್ರಹ್ಮಗಿರಿಯ ಕಲ್ಲುಕೊಡಲಿಯಿಂದ ಕೈಗಡಿಯಾರದ ಗಾಜಿನವರೆಗೆ



ಸ್ಮಾರ್ಟ್‌ವಾಚ್ ಎಂಬ ಕೈಗಡಿಯಾರವು ಈಗ ಚಳ್ಳಕೆರೆಯ ಪೇಟೆಯಲ್ಲಾಗಲಿ, ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಾಗಲಿ ಅಪರೂಪದ ವಸ್ತುವಾಗಿ ಉಳಿದಿಲ್ಲ. ಕೊಂಡ ಕೆಲವೇ ತಿಂಗಳಲ್ಲಿ ಅದರ ಮುಖದ ಮೇಲೆ ಗೀರು ಬೀಳುತ್ತದೆಂದೂ, ಯಾವ ಗಾಜಿನದನ್ನು ಕೊಳ್ಳುವುದು ಲೇಸೆಂದೂ ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಇದಕ್ಕೆ ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ ಚರಿತ್ರೆಯನ್ನು ಬೋಧಿಸಿದವನ ಚಾಳಿ ಅಷ್ಟಕ್ಕೆ ಸುಮ್ಮನಿರಲು ಬಿಡದು. ಯಾವ ವಸ್ತು ಯಾವುದನ್ನು ಗೀರುತ್ತದೆ ಎಂಬ ಜ್ಞಾನಕ್ಕೆ ನಮ್ಮ ಸೀಮೆಯಲ್ಲಿ ಮೂರು ಸಾವಿರ ವರ್ಷಗಳಿಗೂ ಮಿಕ್ಕ ಇತಿಹಾಸವಿದೆ.

ಮೊದಲು ಗೀರು ಎಂದರೇನೆಂಬುದನ್ನು ತಿಳಿಯೋಣ. ಒಂದನೆಯ ತರಗತಿಯಲ್ಲಿ ಸ್ಲೇಟಿನ ಮೇಲೆ ಬಳಪದಿಂದ ‘ಅ’ ಬರೆದುದನ್ನು ನೆನಪಿಸಿಕೊಳ್ಳಿ. ಬಳಪವು ಸವೆಯಿತು, ಸ್ಲೇಟು ಸವೆಯಲಿಲ್ಲ. ಮೆದುವಾದುದು ತನ್ನ ಪುಡಿಯನ್ನು ಬಿಟ್ಟುಹೋಗುತ್ತದೆ, ಗಡಸಾದುದು ನಿಲ್ಲುತ್ತದೆ. ಅದೇ ಸ್ಲೇಟಿನ ಮೇಲೆ ಮೊಳೆಯಿಂದ ಗೀಚಿದರೆ ಸ್ಲೇಟಿಗೇ ಗಾಯವಾಗುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೂ ಹೋಗದು. ಜರ್ಮನಿಯಲ್ಲಿ ಹುಟ್ಟಿದ ಖನಿಜಶಾಸ್ತ್ರಜ್ಞ ಫ್ರೆಡ್ರಿಕ್ ಮೋಸ್ 1812ರಲ್ಲಿ ಹತ್ತು ಖನಿಜಗಳ ಮಾಪಕವೊಂದನ್ನು ರಚಿಸಿದಾಗ ಈ ಸರಳ ತತ್ತ್ವವನ್ನೇ ಆಧಾರವಾಗಿ ಇಟ್ಟುಕೊಂಡನು. ಬಳಪದ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕ್ 1ನೆಯ ಮೆಟ್ಟಿಲಲ್ಲಿದೆ. ಬೆಣಚುಕಲ್ಲು 7, ಪುಷ್ಯರಾಗ 8, ಕುರುವಿಂದ 9, ವಜ್ರ 10. ನಮ್ಮ ಉಗುರು ಸುಮಾರು 2.5ರಲ್ಲಿಯೂ ಸಾಧಾರಣ ಕಿಟಕಿಗಾಜು 5.5ರಲ್ಲಿಯೂ ನಿಲ್ಲುತ್ತವೆ. ಇವು ಮೆಟ್ಟಿಲುಗಳೇ ಹೊರತು ಸಮ ಅಂತರದ ಅಳತೆಗಳಲ್ಲ ಎಂಬುದನ್ನು ಮರೆಯಬಾರದು. 9ಕ್ಕೂ 10ಕ್ಕೂ ನಡುವೆ ಇರುವ ಕಂದರವು 1ರಿಂದ 9ರವರೆಗಿನ ಒಟ್ಟು ಏರಿಗಿಂತಲೂ ದೊಡ್ಡದು.

ಮೋಸ್‌ನಿಗಿಂತ ಬಹು ಹಿಂದೆಯೇ ಈ ಪಾಠವನ್ನು ಕಲಿತವರು ನಮ್ಮ ಬ್ರಹ್ಮಗಿರಿಯ ತಪ್ಪಲಿನಲ್ಲಿ ಬಾಳಿದ್ದರು. ಮೊಳಕಾಲ್ಮೂರು ತಾಲ್ಲೂಕಿನ ಈ ನೆಲವನ್ನು 1947ರಲ್ಲಿ ಸರ್ ಮಾರ್ಟಿಮರ್ ವೀಲರ್ ಅಗೆಸಿದಾಗ ದೊರೆತ ಉಜ್ಜಿ ನಯಗೊಳಿಸಿದ ಕಲ್ಲುಕೊಡಲಿಗಳು ಎಷ್ಟಿದ್ದುವೆಂದರೆ, ಅಲ್ಲಿಯ ಅತ್ಯಂತ ಕೆಳಗಿನ ಸಂಸ್ಕೃತಿಗೆ ಅವನು ಕಲ್ಲುಕೊಡಲಿಯ ಸಂಸ್ಕೃತಿ ಎಂದೇ ಹೆಸರಿಟ್ಟನು. ದಕ್ಷಿಣದ ನವಶಿಲಾಯುಗದ ಜನರು ಇಂಥ ಕೊಡಲಿಗಳಿಗೆ ಹೆಚ್ಚಾಗಿ ಆರಿಸಿಕೊಂಡುದು ಡಾಲರೈಟ್ ಜಾತಿಯ ಕಪ್ಪು ಕಲ್ಲನ್ನು. ಅದನ್ನು ಮೊದಲು ಚಕ್ಕೆಯೆಬ್ಬಿಸಿ ರೂಪಕ್ಕೆ ತಂದು, ಕುಟ್ಟಿ ಉಬ್ಬುತಗ್ಗು ತೆಗೆದು, ಕೊನೆಗೆ ಬಂಡೆಯ ಮೇಲೆ ಉಜ್ಜಿ ಅಲಗು ತರುತ್ತಿದ್ದರು. ಡಾಲರೈಟಿನ ಖನಿಜಗಳು ಹೆಚ್ಚುಕಡಿಮೆ 6ರ ಆಸುಪಾಸಿನವು. ಉಜ್ಜುವ ಬಂಡೆಯಲ್ಲಿಯೂ ಮರಳಿನಲ್ಲಿಯೂ ಇರುವ ಬೆಣಚು 7ರದು. ಈ ಒಂದು ಮೆಟ್ಟಿಲಿನ ಅಂತರವೇ ಕೊಡಲಿಗೆ ಹರಿತವನ್ನು ತಂದುಕೊಟ್ಟಿತು. ಇದೇ ಒಂದು ಮೆಟ್ಟಿಲಿನ ಅಂತರವು ಇಂದು ನಿಮ್ಮ ಕೈಗಡಿಯಾರಕ್ಕೆ ಕಂಟಕವಾಗಿದೆ. ಅದನ್ನು ಮುಂದೆ ನೋಡೋಣ.

ಅದೇ ಬ್ರಹ್ಮಗಿರಿಯಲ್ಲಿಯೂ, ನೆರೆಯ ಸಿದ್ದಾಪುರ ಹಾಗೂ ಜಟಿಂಗ ರಾಮೇಶ್ವರ ಬೆಟ್ಟದಲ್ಲಿಯೂ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಶಾಸನಗಳಿವೆ. ಇವನ್ನು 1892ರಲ್ಲಿ ವಿದ್ವತ್ಪ್ರಪಂಚದ ಬೆಳಕಿಗೆ ತಂದವರು ಬಿ. ಎಲ್. ರೈಸ್. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಈ ಆಜ್ಞೆಯನ್ನು ಬರೆದ ಲಿಪಿಕಾರನು ಚಪಡ. ಬ್ರಾಹ್ಮಿಯಲ್ಲಿ ಶಾಸನವನ್ನು ಮುಗಿಸಿ, ತನ್ನ ವೃತ್ತಿಯನ್ನು ಹೇಳುವ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಬರೆದುಹೋದ ಅವನ ಬಗೆಗೆ ತರಗತಿಯಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ! ಇಲ್ಲಿ ಒಂದು ಸಂದೇಹ ಏಳಬೇಕು. ಬಂಡೆಯ ಬೆಣಚು 7ರದಾದರೆ, ಅದಕ್ಕಿಂತ ಮೆದುವಾದ ಕಬ್ಬಿಣದ ಉಳಿಯಿಂದ ಅಕ್ಷರ ಕೊರೆದುದು ಹೇಗೆ? ಉತ್ತರವಿಷ್ಟೆ: ಉಳಿಯು ಬಂಡೆಯನ್ನು ಗೀರಲಿಲ್ಲ, ಒಡೆಯಿತು. ಪ್ರತಿ ಪೆಟ್ಟಿಗೂ ಕಲ್ಲಿನ ಕಣವೊಂದು ಸಿಡಿದು ಬೇರೆಯಾಯಿತು. ಗೀರನ್ನು ತಡೆಯುವ ಗುಣ ಬೇರೆ, ಪೆಟ್ಟನ್ನು ತಾಳುವ ಗುಣ ಬೇರೆ. ಗಡಸಾದುದೆಲ್ಲ ಗಟ್ಟಿಮುಟ್ಟಾದುದಲ್ಲ. ಗಡಿಯಾರದ ಅಂಗಡಿಯಲ್ಲಿ ನೆನಪಿಡಬೇಕಾದ ಮಾತು ಇದೊಂದೇ ಎಂದರೂ ಸಲ್ಲುತ್ತದೆ.

ಇನ್ನು ಕುರುವಿಂದ. ರಾಸಾಯನಿಕವಾಗಿ ಇದು ಅಲ್ಯೂಮಿನಿಯಮ್ ಮತ್ತು ಆಮ್ಲಜನಕಗಳ ಹರಳು. ಕೆಂಪಾದರೆ ಮಾಣಿಕ್ಯ, ನೀಲಿಯಾದರೆ ನೀಲಮಣಿ, ಮಂಕಾದ ಒರಟು ಕಲ್ಲಾದರೆ ಸಾಣೆಯ ಪುಡಿ. ಇಂಗ್ಲಿಷಿನ ಕೊರಂಡಮ್ ಎಂಬ ಹೆಸರು ತಮಿಳಿನ ಕುರುಂದಂ ಎಂಬುದರಿಂದ ಬಂದುದು. ಸಂಸ್ಕೃತದ ಕುರುವಿಂದವು ಅದರ ನೆಂಟ. 1798ರಲ್ಲಿ ಚಾರ್ಲ್ಸ್ ಗ್ರೆವಿಲ್ ಎಂಬುವರು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಈ ಕಲ್ಲಿನ ಬಗೆಗೆ ಬರೆಯುವ ಮೊದಲೇ, ನಮ್ಮ ನಾಡಿನ ರತ್ನ ಕೆತ್ತುವವರು ಕುರುವಿಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಸಾಣೆಯ ಚಕ್ರ ಮಾಡಿಕೊಳ್ಳುತ್ತಿದ್ದರು. ಹಳೆಯ ಮೈಸೂರು ಸಂಸ್ಥಾನದಲ್ಲಿಯೂ ಈ ಕಲ್ಲು ದೊರೆಯುತ್ತಿತ್ತು. ಚಳ್ಳಕೆರೆಗೆ ನೆರೆಯಾದ ಪಾವಗಡದ ಸೀಮೆಯೂ ಅದರ ನೆಲೆಗಳಲ್ಲಿ ಒಂದು. 1902ರಲ್ಲಿ ಫ್ರಾನ್ಸಿನ ಆಗಸ್ಟ್ ವೆರ್ನಾಯ್ಲ್, ಅಲ್ಯೂಮಿನದ ಪುಡಿಯನ್ನು ಜಲಜನಕ–ಆಮ್ಲಜನಕಗಳ ಉರಿಯಲ್ಲಿ ಕರಗಿಸಿ ಹನಿಹನಿಯಾಗಿ ಹರಳು ಬೆಳೆಸುವ ವಿಧಾನವನ್ನು ಪ್ರಕಟಿಸಿದನು. ಅಲ್ಲಿಂದ ಮುಂದೆ ಮಾಣಿಕ್ಯವು ಅರಸರ ಕಿರೀಟದಿಂದ ಇಳಿದು ಕಾರ್ಖಾನೆಗೆ ಬಂದಿತು.

ಅದು ನಮ್ಮ ಮುಂಗೈಗೂ ಬಂದಿತು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಎಚ್.ಎಂ.ಟಿ.ಯು ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸತೊಡಗಿತು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆಯಾಯಿತು. ಜನತಾ, ಪೈಲಟ್, ಕೋಹಿನೂರ್ ಮೊದಲಾದ ಹೆಸರುಗಳನ್ನು ಓದಿದೊಡನೆ ನಿಮ್ಮ ತಂದೆಯವರ ಮುಂಗೈ ಕಣ್ಣೆದುರು ಬಂದೀತು. ಮದುವೆಯಲ್ಲಿ ಅಳಿಯನಿಗೆ, ಪರೀಕ್ಷೆ ಪಾಸಾದ ಮಗನಿಗೆ, ನಿವೃತ್ತನಾದ ನೌಕರನಿಗೆ ಕೊಡುವ ಗೌರವದ ಕಾಣಿಕೆ ಅದಾಗಿತ್ತು. ಮುಳ್ಳುಗಳ ಕೆಳಗೆ ‘17 ಜ್ಯೂಯೆಲ್ಸ್’ ಎಂದು ಬರೆದಿರುತ್ತಿತ್ತಷ್ಟೆ? ಆ ಹದಿನೇಳು ಕಲ್ಲುಗಳೂ ಕಾರ್ಖಾನೆಯಲ್ಲಿ ಬೆಳೆಸಿದ ಮಾಣಿಕ್ಯದ ಚೂರುಗಳೇ, ಅಂದರೆ ಕುರುವಿಂದವೇ. ಚಕ್ರದ ಅಚ್ಚುಗಳು ಸವೆಯದಂತೆ ತಿರುಗಲಿ ಎಂದು ಅವುಗಳನ್ನು ಕೂರಿಸುತ್ತಿದ್ದರು.

ಒಳಗೆ ಮಾಣಿಕ್ಯ, ಹೊರಗೆ? ನಾವು ಗಾಜೆಂದು ಕರೆಯುತ್ತಿದ್ದ ಜನತಾ ಗಡಿಯಾರದ ಆ ಉಬ್ಬಿದ ಮುಚ್ಚಳವು ಅಕ್ರಿಲಿಕ್ ಎಂಬ ಪ್ಲಾಸ್ಟಿಕ್. 1930ರ ದಶಕದಲ್ಲಿ ಬಳಕೆಗೆ ಬಂದ ವಸ್ತುವಿದು. ಗಡಸುತನದಲ್ಲಿ 3ರ ಸಮೀಪ. ಬೀಗದ ಕೈ ತಗುಲಿದರೂ ಗೀರು ಬೀಳುತ್ತಿತ್ತು. ಆದರೆ ಕೈಜಾರಿ ಕಲ್ಲುಚಪ್ಪಡಿಯ ಮೇಲೆ ಬಿದ್ದರೂ ಚೂರಾಗುತ್ತಿರಲಿಲ್ಲ. ಹಲ್ಲುಪೇಸ್ಟು ಹಚ್ಚಿ ಮೆತ್ತನೆಯ ಬಟ್ಟೆಯಿಂದ ಉಜ್ಜಿದರೆ ಗೀರು ಮಾಯವಾಗುತ್ತಿತ್ತು. ಮಾಯವಾಗುವುದೆಂದರೆ, ಸುತ್ತಲಿನ ಮೈಯೂ ಗೀರಿನ ಆಳದ ಮಟ್ಟಕ್ಕೆ ಸವೆಯುವುದು ಎಂದರ್ಥ. ಬ್ರಹ್ಮಗಿರಿಯ ಕೊಡಲಿಯನ್ನು ನಯಗೊಳಿಸಿದ ವಿದ್ಯೆಯೂ ಇದೇ. ತೀರ ಮಬ್ಬಾದರೆ ಬಸ್‌ಸ್ಟ್ಯಾಂಡಿನ ಬಳಿಯ ರಿಪೇರಿಯವನು ಕೆಲವೇ ರೂಪಾಯಿಗೆ ಹೊಸ ಮುಚ್ಚಳ ಕೂರಿಸಿಕೊಡುತ್ತಿದ್ದನು. 1984ರಲ್ಲಿ ಸ್ಥಾಪನೆಯಾಗಿ ಹೊಸೂರಿನಲ್ಲಿ ಕಾರ್ಖಾನೆ ತೆರೆದ ಟೈಟಾನ್ ಸಂಸ್ಥೆಯ ಕಾಲಕ್ಕೆ ಕ್ವಾರ್ಟ್ಜ್ ಗಡಿಯಾರವೂ ಅದರ ಮೇಲೆ ನಿಜವಾದ ಗಾಜೂ ಸಾಮಾನ್ಯವಾದುವು. ಕ್ವಾರ್ಟ್ಜ್ ಎಂದರೆ ನಮ್ಮ ಬೆಣಚುಕಲ್ಲೇ. ಆಗಲೂ ಒಳಗಿನ ಹರಳು 7ರದು, ಹೊರಗಿನ ಗಾಜು ಅದಕ್ಕಿಂತ ಮೆದು. ಎಚ್.ಎಂ.ಟಿ.ಯ ಗಡಿಯಾರ ವಿಭಾಗವನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ 2016ರಲ್ಲಿ ಕೈಗೊಂಡಿತು.

ಅಷ್ಟರಲ್ಲಿ ಸ್ಮಾರ್ಟ್‌ವಾಚ್‌ಗಳು ಬಂದಿದ್ದುವು. 2013ರಲ್ಲಿ ಬಂದ ಪೆಬಲ್ ಎಂಬ ಗಡಿಯಾರದ ಮುಖ ಪ್ಲಾಸ್ಟಿಕ್ಕಿನದು. 2015ರಲ್ಲಿ ಆಪಲ್ ಸಂಸ್ಥೆಯ ಗಡಿಯಾರ ಬಂದಾಗ, ಅಗ್ಗದ ಅಲ್ಯೂಮಿನಿಯಮ್ ಮಾದರಿಗೆ ಬಲಪಡಿಸಿದ ಗಾಜನ್ನೂ ದುಬಾರಿಯ ಉಕ್ಕಿನ ಮಾದರಿಗೆ ಸಫೈರನ್ನೂ ಹಾಕಿದರು. ಸಫೈರ್ ಎಂದರೆ ಬಣ್ಣವಿಲ್ಲದಂತೆ ಬೆಳೆಸಿದ ಕುರುವಿಂದದ ಹರಳು. ಒಂದು ಕಾಲಕ್ಕೆ ಗಡಿಯಾರದ ಹೊಟ್ಟೆಯಲ್ಲಿ ಅಡಗಿದ್ದ ಕಲ್ಲು ಹೀಗೆ ಮುಖಕ್ಕೆ ಬಂದಿತು.

ಬಲಪಡಿಸಿದ ಗಾಜಿನ ಗುಟ್ಟನ್ನು ಶಾಲೆಯ ಬೆಂಚಿನಿಂದ ವಿವರಿಸಬಹುದು. ಐವರು ಪುಟ್ಟ ಮಕ್ಕಳು ಕುಳಿತ ಬೆಂಚಿನಿಂದ ಅವರನ್ನು ಎಬ್ಬಿಸಿ, ಅಷ್ಟೇ ಜಾಗದಲ್ಲಿ ಹತ್ತನೆಯ ತರಗತಿಯ ಐವರನ್ನು ಕೂರಿಸಿದರೆ ಭುಜಕ್ಕೆ ಭುಜ ಒತ್ತಿ ಬಿಗಿಯಾಗುತ್ತದೆ. ಗಾಜನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್ ಬಿಸಿಯ ಪೊಟ್ಯಾಸಿಯಮ್ ಲವಣದ ದ್ರವದಲ್ಲಿ ಅದ್ದಿದಾಗ, ಮೇಲ್ಮೈಯ ಸೋಡಿಯಮ್ ಅಯಾನುಗಳು ಹೊರಬಂದು ಅವುಗಳಿಗಿಂತ ದೊಡ್ಡದಾದ ಪೊಟ್ಯಾಸಿಯಮ್ ಅಯಾನುಗಳು ಒಳಸೇರುತ್ತವೆ. ಮೇಲ್ಪದರವು ಬಿಗಿದುಕೊಂಡು, ಬಿರುಕು ಹರಡದಂತೆ ತಡೆಯುತ್ತದೆ. ಅಮೆರಿಕದ ಕಾರ್ನಿಂಗ್ ಸಂಸ್ಥೆಯು 1960ರ ದಶಕದಲ್ಲಿಯೇ ಪ್ರಯೋಗಿಸಿದ್ದ ಈ ವಿದ್ಯೆಯು 2007ರಿಂದೀಚೆಗೆ ಗೊರಿಲ್ಲಾ ಗ್ಲಾಸ್ ಎಂಬ ಹೆಸರಿನಲ್ಲಿ ಮನೆಮಾತಾಯಿತು. ಆದರೆ ಈ ಸಂಸ್ಕಾರದಿಂದ ಗಾಜಿಗೆ ಹೆಚ್ಚಾಗಿ ಬರುವುದು ಪೆಟ್ಟು ತಾಳುವ ಶಕ್ತಿ. ಗಡಸುತನದ ಮೆಟ್ಟಿಲಿನಲ್ಲಿ ಅದು 6ರ ಆಸುಪಾಸನ್ನು ದಾಟಿ ಹೋಗದು.

ಈಗ ನಮ್ಮೂರಿನ ಧೂಳಿಗೆ ಬರೋಣ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಒಣಗಾಳಿಯ ದಿನಗಳಲ್ಲಿ ಅಂಗಳ, ಗಾಡಿ, ಅಂಗಿಯ ತೋಳು ಎಲ್ಲದರ ಮೇಲೂ ಕೂರುವ ಧೂಳಿನಲ್ಲಿ ಬೆಣಚಿನ ಕಣಗಳಿರುತ್ತವೆ. ಕಣಶಿಲೆ ಕರಗಿ ಮಣ್ಣಾದಾಗ ಅದರ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಬೆಣಚು ಮಾತ್ರ ಮರಳಾಗಿ ಉಳಿಯುತ್ತದೆ. ವೇದಾವತಿಯ ಮರಳು ಅದೇ, ಕಡಲೆಕಾಯಿ ಕಿತ್ತ ಕೈಗೆ ಅಂಟುವುದೂ ಅದೇ. ಗಾಜು 6, ಬೆಣಚು 7. ಧೂಳು ಕೂತ ಗಡಿಯಾರವನ್ನು ಅಂಗಿಯ ತೋಳಿನಿಂದ ತಿಕ್ಕಿ ಒರೆಸುವವನು, ಬ್ರಹ್ಮಗಿರಿಯವರು ಕೊಡಲಿಗೆ ಮಾಡಿದುದನ್ನೇ ತನ್ನ ಗಡಿಯಾರಕ್ಕೆ ಮಾಡುತ್ತಿರುತ್ತಾನೆ. 9ರ ಸಫೈರನ್ನು ಈ ಧೂಳು ಏನೂ ಮಾಡಲಾರದು. ಆದರೆ ಸಫೈರಿಗೂ ಕುಂದುಗಳಿವೆ. ಬೆಲೆ ಹೆಚ್ಚು. ಗಡಸಾದರೂ ಪೆಡಸು, ಆದ್ದರಿಂದ ಅಂಚಿಗೆ ಬಲವಾದ ಏಟು ಬಿದ್ದರೆ ಸೀಳುತ್ತದೆ. ಗಾಜಿನ ಮೇಲ್ಮೈ ಬೆಳಕಿನಲ್ಲಿ ಸುಮಾರು ಶೇಕಡಾ 4ರಷ್ಟನ್ನು ಹಿಂದಿರುಗಿಸಿದರೆ ಸಫೈರ್ ಶೇಕಡಾ 7ರಿಂದ 8ರಷ್ಟನ್ನು ಹಿಂದಿರುಗಿಸುವುದರಿಂದ, ತಕ್ಕ ಲೇಪವಿಲ್ಲದಿದ್ದರೆ ನಡುಹಗಲಿನ ಹೊಲದಲ್ಲಿ ಅಂಕಿಗಳು ಮಂಕಾಗಿ ಕಾಣುತ್ತವೆ.

ಅಂಗಡಿಗಳಲ್ಲಿ ನಡೆಯುವ ಒಂದು ಗೊಂದಲವನ್ನು ಇಲ್ಲಿಯೇ ಬಿಡಿಸಬೇಕು. ಪರದೆಗೆ ಅಂಟಿಸುವ ಹಾಳೆಯ ಮೇಲೆ ‘9 ಎಚ್’ ಎಂದು ಮುದ್ರಿಸಿರುತ್ತಾರೆ. ಅಂಗಡಿಯವನೊಬ್ಬನು ಇದನ್ನು ತೋರಿಸಿ, ಸಫೈರಿಗೆ ಸಮವೆಂದು ನನ್ನ ಎದುರಿನಲ್ಲಿಯೇ ಒಬ್ಬ ಹುಡುಗನಿಗೆ ಮಾರಿದನು. ಆ 9 ಮೋಸ್‌ನ 9 ಅಲ್ಲ. ಅದು ಸೀಸದ ಕಡ್ಡಿಯ ಲೆಕ್ಕ. ಎಚ್‌ಬಿ, 2 ಎಚ್ ಎಂದು ನೀವು ಚಿತ್ರ ಬರೆಯಲು ಕೊಳ್ಳುತ್ತಿದ್ದ ಪೆನ್ಸಿಲುಗಳಲ್ಲಿ 9 ಎಚ್ ಅತಿ ಗಡಸಾದುದು. ಬಣ್ಣ, ಲೇಪಗಳ ಪರೀಕ್ಷೆಗೆಂದು ಹುಟ್ಟಿದ ಕ್ರಮವಿದು. 9 ಎಚ್ ಪೆನ್ಸಿಲು ಸಾಧಾರಣ ಕಿಟಕಿಗಾಜನ್ನೂ ಗೀರಲಾರದು. ಹಾಗಿರುವಾಗ ಅದನ್ನು ತಡೆದೆನೆಂಬ ಹೆಮ್ಮೆಗೆ ಬೆಲೆಯೆಷ್ಟು? ಹಾಳೆ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಗೀರನ್ನು ತಾನು ಉಂಡು ಕೆಳಗಿನ ಗಾಜನ್ನು ಉಳಿಸುತ್ತದೆ, ಹಳೆಯ ಅಕ್ರಿಲಿಕ್ ಮುಚ್ಚಳದಂತೆ ಬದಲಿಸಲೂ ಬರುತ್ತದೆ. ಆ ಕೆಲಸಕ್ಕೆ ತಕ್ಕ ಬೆಲೆ ಕೊಡಿ, ಸಫೈರಿನ ಬೆಲೆಯನ್ನಲ್ಲ.

ಹೊಲದಲ್ಲಿ ದುಡಿಯುವವರೂ ಧೂಳಿನ ದಾರಿಯಲ್ಲಿ ದಿನವೂ ಓಡಾಡುವವರೂ ಹಣವಿದ್ದರೆ ಸಫೈರನ್ನು ಆರಿಸಲಿ. ಗ್ಯಾರೇಜು, ಮಿಲ್ಲುಗಳಲ್ಲಿ ಕೈಗೆ ಏಟು ತಗುಲುವ ಕೆಲಸದವರಿಗೆ ಬಲಪಡಿಸಿದ ಗಾಜೂ ಅದರ ಮೇಲೊಂದು ಹಾಳೆಯೂ ಮೇಲು. ಯಾರೇ ಆಗಲಿ, ಮೊದಲು ಧೂಳನ್ನು ಊದಿ, ಗಡಿಯಾರವು ನೀರು ತಾಳುವಂಥದಾದರೆ ನೀರಿನಿಂದ ತೊಳೆದು, ಆಮೇಲೆ ಒರೆಸಿರಿ. ಇದಕ್ಕೆ ಕಾಸು ಖರ್ಚಿಲ್ಲ.

ಕೊನೆಗೆ ಜಟಿಂಗ ರಾಮೇಶ್ವರದ ಮಾತು. ಅಲ್ಲಿಯ ಶಾಸನವಿರುವ ಬಂಡೆಗೆ ಬಳೆಗಾರರ ಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಬಳೆ ಹರಡಿ ವ್ಯಾಪಾರ ಮಾಡುತ್ತಿದ್ದುದರಿಂದ ಬಂದ ಹೆಸರದು. ಬ್ರಹ್ಮಗಿರಿಯ ಬಂಡೆಯನ್ನಾದರೋ ಜನರು ಅಕ್ಷರಗುಂಡು ಎಂದು ಕರೆದರು, ಓದಲು ಬಾರದಿದ್ದರೂ ಅಕ್ಷರವೆಂದು ಭಾವಿಸಿದರು. ಇಂದು ಬ್ರಹ್ಮಗಿರಿಯ ಶಾಸನವನ್ನು ಓದಬಹುದು. ಜಟಿಂಗ ರಾಮೇಶ್ವರದ್ದು ಬಹಳಷ್ಟು ಅಳಿಸಿಹೋಗಿದೆ. ಗಾಜಿನ ಬಳೆಯು ಬೆಣಚನ್ನು ಗೀರಲಾರದೆಂಬುದನ್ನು ಈಗ ನೀವು ಬಲ್ಲಿರಿ, ಆದ್ದರಿಂದ ಆ ಬಡ ಬಳೆಗಾರರನ್ನು ದೂರಬೇಡಿ. ಬೆಣಚನ್ನು ಸವೆಸಲು ಬೆಣಚೇ ಸಾಕು. ಮಳೆಬಿಸಿಲುಗಳ ಜೊತೆಗೆ, ಸಾವಿರಾರು ಪಾದಗಳ ಅಡಿಯಲ್ಲಿ ಸಿಕ್ಕ ಮರಳಿನ ಕಣಗಳು ಶತಮಾನಗಳ ಕಾಲ ತಿಕ್ಕಿದುವು. ಗಡಿಯಾರದ ಗಾಜು ಕೆಟ್ಟರೆ ಬದಲಿಸಬಹುದು. ಚಪಡನ ಅಕ್ಷರಗಳಿಗೆ ಬದಲಿಯಿಲ್ಲ. ಮಕ್ಕಳನ್ನು ಕರೆದುಕೊಂಡು ಆ ಬೆಟ್ಟಕ್ಕೆ ಹೋಗಿಬನ್ನಿ. ಬಂಡೆಯ ಮೇಲೆ ಕಾಲಿಡದಂತೆ, ಹೆಸರು ಗೀಚದಂತೆ ಅವರಿಗೆ ತಿಳಿಹೇಳಿ. ಕಾರಣ ಕೇಳಿದರೆ ಬಳಪ, ಸ್ಲೇಟು ತಂದು ತೋರಿಸಿ.