ನೂರಕ್ಕೆ ನೂರ ನಲವತ್ತನಾಲ್ಕು

ದೇಶ ಎರಡಾದರೂ ರೂಪಾಯಿ ಕೆಲಕಾಲ ಒಂದೇ ಆಗಿತ್ತು. ನಾಸಿಕ್‌ನಲ್ಲಿ ಅಚ್ಚಾದ ಭಾರತದ ನೋಟುಗಳ ಮೇಲೆಯೇ ‘ಹುಕೂಮತೆ ಪಾಕಿಸ್ತಾನ್’ ಎಂದು ಹೆಚ್ಚುವರಿಯಾಗಿ ಮುದ್ರಿಸಿ 1948ರಲ್ಲಿ ಪಾಕಿಸ್ತಾನದಲ್ಲಿ ಚಲಾವಣೆಗೆ ಬಿಡಲಾಯಿತು. ಚಿತ್ರ ಆರನೇ ಜಾರ್ಜ್ ದೊರೆಯದು. ಸಹಿ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಸಿ.ಡಿ. ದೇಶಮುಖರದು. ಆ ವರ್ಷ ಜುಲೈ 1ರಂದು ಕರಾಚಿಯಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಪಾಕಿಸ್ತಾನ್ ಆರಂಭವಾಗಿ ಆ ದೇಶಕ್ಕೆ ತನ್ನದೇ ಹಣದ ವ್ಯವಸ್ಥೆ ಬಂತು. ಆದರೂ ಆಚೆಯ ನೂರು ರೂಪಾಯಿಗೆ ಈಚೆಯ ನೂರು ರೂಪಾಯಿ ಎಂಬ ಲೆಕ್ಕ ಬದಲಾಗಲಿಲ್ಲ.

ಅದನ್ನು ಬದಲಿಸಿದ್ದು ಲಂಡನ್. 1949ರ ಸೆಪ್ಟೆಂಬರ್ 18ರಂದು ಬ್ರಿಟನ್ ಪೌಂಡಿನ ಬೆಲೆಯನ್ನು 4.03 ಡಾಲರಿನಿಂದ 2.80 ಡಾಲರಿಗೆ ಇಳಿಸಿತು. ಭಾರತದ ವ್ಯಾಪಾರದ ಬಹುಪಾಲು ಪೌಂಡಿಗೆ ಅಂಟಿಕೊಂಡ ದೇಶಗಳೊಂದಿಗಿತ್ತು. ನಮ್ಮ ಸರಕಾರವೂ ರೂಪಾಯಿಯನ್ನು ಅಷ್ಟೇ ಪ್ರಮಾಣದಲ್ಲಿ ಇಳಿಸಿತು. ಡಾಲರಿಗೆ 3.31 ರೂ. ಇದ್ದದ್ದು 4.76 ರೂ. ಆಯಿತು. ಪಾಕಿಸ್ತಾನ ಮಾತ್ರ ಇಳಿಸಲಿಲ್ಲ. ಮರುದಿನದಿಂದ ಲೆಕ್ಕ ಹೀಗಾಯಿತು: ಪಾಕಿಸ್ತಾನದ 100 ರೂಪಾಯಿ ಬೇಕಾದವನು ಭಾರತದ 144 ರೂಪಾಯಿ ಕೊಡಬೇಕು.

ಪಾಕಿಸ್ತಾನದ ಬಳಿ ತರ್ಕವಿತ್ತು. ತಾನು ಮಾರುವುದು ಕಚ್ಚಾ ಸೆಣಬು ಮತ್ತು ಹತ್ತಿ. ಅಗ್ಗ ಮಾಡಿದ ಮಾತ್ರಕ್ಕೆ ಲೋಕ ಅದನ್ನು ಹೆಚ್ಚು ಕೊಳ್ಳುವುದಿಲ್ಲ. ಕೊಳ್ಳಬೇಕಾದದ್ದು ಯಂತ್ರಗಳನ್ನು, ಹಣ ಇಳಿಸಿದರೆ ಅವು ದುಬಾರಿಯಾಗುತ್ತವೆ. ಅರ್ಥಶಾಸ್ತ್ರದ ದೃಷ್ಟಿಯಿಂದ ಇದು ಹುಚ್ಚುತನವೇನಲ್ಲ. ಆದರೆ ಹೊಸದಾಗಿ ಹುಟ್ಟಿದ ದೇಶಕ್ಕೆ ತನ್ನ ರೂಪಾಯಿ ನೆರೆಯವನ ರೂಪಾಯಿಗಿಂತ ಹೆಚ್ಚು ತೂಗುವುದು ಗೌರವದ ಮಾತೂ ಆಗಿತ್ತು. ಅತ್ತ ಭಾರತಕ್ಕೆ ಆ ದರವನ್ನು ಒಪ್ಪದಿರುವುದೇ ಗೌರವದ ಮಾತಾಯಿತು. ವಸ್ತುವಿನ ಬೆಲೆಯ ಬಗ್ಗೆ ಚೌಕಾಶಿ ಮಾಡಬಹುದು, ಮಾನದ ಬಗ್ಗೆ ಮಾಡುವುದು ಹೇಗೆ?

ಪೆಟ್ಟು ಬಿದ್ದದ್ದು ಸೆಣಬು ಬೆಳೆಯುವವನ ಮೇಲೆ. ವಿಭಜನೆಯ ಗೆರೆ ಎಳೆದಾಗ ಸೆಣಬಿನ ಹೊಲಗಳಲ್ಲಿ ಮುಕ್ಕಾಲು ಪಾಲು ಪೂರ್ವ ಬಂಗಾಳಕ್ಕೆ ಹೋಗಿದ್ದವು. ಗಿರಣಿಗಳು ಮಾತ್ರ ಕಲ್ಕತ್ತಾದ ಸುತ್ತ ಹೂಗ್ಲಿ ನದಿಯ ದಂಡೆಯಲ್ಲೇ ಉಳಿದವು. ಪೂರ್ವ ಬಂಗಾಳದಲ್ಲಿ ಒಂದೂ ಇರಲಿಲ್ಲ. ನಮ್ಮ ಮಂಡಿಗಳಲ್ಲಿ ಅಕ್ಕಿ, ಅಡಿಕೆ ತುಂಬುವ ಗೋಣಿಚೀಲದ ನೂಲು ಬೆಳೆಯುತ್ತಿದ್ದದ್ದು ಒಂದು ದೇಶದಲ್ಲಿ, ನೇಯುತ್ತಿದ್ದದ್ದು ಇನ್ನೊಂದರಲ್ಲಿ. ನಿನ್ನೆ ನೂರು ರೂಪಾಯಿಗೆ ಕೊಂಡ ಸೆಣಬಿಗೆ ಇಂದು 144 ಕೊಡಲು ಗಿರಣಿಯವರು ಸಿದ್ಧರಿರಲಿಲ್ಲ. ಹಳೆಯ ಬೆಲೆಗೇ ಕೊಡೋಣವೆಂದರೆ ರೈತನ ಕೈಗೆ ತನ್ನ ದೇಶದ ನೂರು ರೂಪಾಯಿಯ ಬದಲು 70 ರೂಪಾಯಿಯೂ ಸಿಗದು. ಅದೂ ಎಂತಹ ಹೊತ್ತಿನಲ್ಲಿ? ಸೆಪ್ಟೆಂಬರ್ ಎಂದರೆ ಕೊಯ್ದ ಸೆಣಬು ಮಾರುಕಟ್ಟೆಗೆ ಬರುವ ಕಾಲ.

ವ್ಯಾಪಾರ ಹೆಚ್ಚುಕಡಿಮೆ ನಿಂತೇ ಹೋಯಿತು. ಆಚೆಯಿಂದ ಸೆಣಬು ಬರಲಿಲ್ಲ. ಡಿಸೆಂಬರ್‌ನಲ್ಲಿ ಈಚೆಯಿಂದ ಕಲ್ಲಿದ್ದಲು ಹೋಗುವುದೂ ನಿಂತಿತು. ರೈತನ ಸೆಣಬನ್ನು ಸರಕಾರವೇ ಕೊಳ್ಳಲೆಂದು ಪಾಕಿಸ್ತಾನ ಸೆಣಬು ಮಂಡಳಿ ರಚಿಸಿತು. ಆ ಖರೀದಿಗೆ ಸಾಲ ಒದಗಿಸಲು ನವೆಂಬರ್‌ನಲ್ಲಿ ಅವಸರವಸರವಾಗಿ ಒಂದು ಬ್ಯಾಂಕನ್ನೇ ಸ್ಥಾಪಿಸಿತು. ಇಂದಿಗೂ ಇರುವ ನ್ಯಾಷನಲ್ ಬ್ಯಾಂಕ್ ಆಫ್ ಪಾಕಿಸ್ತಾನ್ ಹುಟ್ಟಿದ್ದು ಹೀಗೆ. ಭಾರತ ಪಶ್ಚಿಮ ಬಂಗಾಳ, ಬಿಹಾರ, ಅಸ್ಸಾಮ್‌ಗಳಲ್ಲಿ ಸೆಣಬು ಬಿತ್ತಲು ಹೊರಟಿತು. ಅನ್ನ ಸಾಲದ ದಿನಗಳಲ್ಲಿ ಭತ್ತದ ಗದ್ದೆಗಳಿಗೂ ಸೆಣಬು ಬಂತು.

1950ರ ಏಪ್ರಿಲ್‌ನಲ್ಲಿ ಅಲ್ಪಾವಧಿಯ ಒಪ್ಪಂದವೊಂದಾಯಿತು. ಸೆಣಬಿನ ಬೆಲೆಯನ್ನು ಭಾರತದ ರೂಪಾಯಿಯಲ್ಲೇ ಪಾವತಿಸುವುದೆಂದು ಗೊತ್ತುಮಾಡಿ ದರದ ತಂಟೆಯನ್ನು ಬದಿಗಿಟ್ಟರು. ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾಗಿ ಸೆಣಬು, ಹತ್ತಿಗಳ ಬೆಲೆ ಏರಿತು. ಪಾಕಿಸ್ತಾನದ ಕೈ ಮೇಲಾಯಿತು. 1951ರ ಫೆಬ್ರವರಿಯಲ್ಲಿ ಭಾರತ 144ರ ದರವನ್ನು ಒಪ್ಪಿ ಹೊಸ ಒಪ್ಪಂದಕ್ಕೆ ಬಂತು. ಆಗ ನಮ್ಮ ಹಣಕಾಸು ಸಚಿವರು ಯಾರು ಗೊತ್ತೇ? ಪಾಕಿಸ್ತಾನದ ಆ ಮೊದಲ ನೋಟುಗಳ ಮೇಲೆ ಸಹಿಯಿದ್ದ ದೇಶಮುಖರೇ.

ಯುದ್ಧದ ಬೆಲೆಗಳು ಬಹುಕಾಲ ನಿಲ್ಲಲಿಲ್ಲ. 1955ರ ಜುಲೈ ಕೊನೆಯಲ್ಲಿ ಪಾಕಿಸ್ತಾನವೂ ತನ್ನ ಹಣವನ್ನು 4.76ಕ್ಕೆ ಇಳಿಸಿತು. ಮತ್ತೆ ನೂರಕ್ಕೆ ನೂರು. ಆದರೆ ಅಷ್ಟರಲ್ಲಿ ನಾರಾಯಣಗಂಜ್‌ನಲ್ಲಿ ಆದಮ್‌ಜಿ ಸೆಣಬು ಗಿರಣಿ ಎದ್ದಿತ್ತು, ನಮ್ಮಲ್ಲಿ ಸೆಣಬಿನ ಹೊಲಗಳು ಹಬ್ಬಿದ್ದವು. ಒಬ್ಬರಿಗೊಬ್ಬರು ಬೇಕಾಗಿದ್ದವರು ಬೇಡವಾಗುವುದನ್ನು ಕಲಿತಿದ್ದರು.

ಮುಂದಿನ ದರಗಳದು ಚಿಕ್ಕ ಕಥೆ. 1966ರ ಜೂನ್ 6ರಂದು ಭಾರತ ಡಾಲರಿಗೆ 7.50 ರೂ.ಗೆ ಇಳಿದಾಗ ಪಾಕಿಸ್ತಾನದ ನೂರು ನಮ್ಮ 157ಕ್ಕೆ ಸಮವಾಯಿತು. ಹಿಂದಿನ ವರ್ಷದ ಯುದ್ಧದಿಂದ ವ್ಯಾಪಾರವೇ ನಿಂತಿದ್ದರಿಂದ ಆ ದರದಿಂದ ಯಾರಿಗೂ ಹೆಚ್ಚಿನ ಕೆಲಸವಿರಲಿಲ್ಲ. 1972ರ ಮೇಯಲ್ಲಿ ಪಾಕಿಸ್ತಾನ ಒಮ್ಮೆಗೇ 11 ರೂಪಾಯಿಗೆ ಇಳಿಯಿತು. ಮೇಲಿದ್ದದ್ದು ಕೆಳಗಾಯಿತು. 2023ರ ಹೊತ್ತಿಗೆ ಭಾರತದ ಒಂದು ರೂಪಾಯಿಗೆ ಅಲ್ಲಿಯ ಮೂರು ರೂಪಾಯಿಗಿಂತ ಹೆಚ್ಚು ಸಿಗುತ್ತಿತ್ತು.

ಪೂರ್ವ ಬಂಗಾಳದವರು ಮಾತ್ರ ಲೆಕ್ಕ ಮರೆತಿರಲಿಲ್ಲ. ತಮ್ಮ ಸೆಣಬು ತಂದ ವಿದೇಶಿ ಹಣ ಪಶ್ಚಿಮದ ಪಾಲಾಗುತ್ತಿದೆ ಎಂಬುದು ಅವರ ದೊಡ್ಡ ದೂರಾಗಿತ್ತು. ಶೇಖ್ ಮುಜೀಬುರ್ ರಹಮಾನ್ 1966ರಲ್ಲಿ ಲಾಹೋರಿನಲ್ಲಿ ಮಂಡಿಸಿದ ಆರು ಬೇಡಿಕೆಗಳಲ್ಲಿ ಮೂರನೆಯದು ಹಣದ ಕುರಿತಾದದ್ದು: ಎರಡು ಭಾಗಗಳಿಗೂ ಬೇರೆ ಬೇರೆ ನಾಣ್ಯವಿರಲಿ, ಇಲ್ಲವೇ ಪೂರ್ವದ ಬಂಡವಾಳ ಪಶ್ಚಿಮಕ್ಕೆ ಹರಿಯದಂತೆ ತಡೆಯಿರಲಿ. ಆ ನಾಣ್ಯ ಬಂದದ್ದು ಹೊಸ ದೇಶವೇ ಹುಟ್ಟಿದ ಮೇಲೆ. 1972ರ ಮಾರ್ಚ್ 4ರಂದು ಬಾಂಗ್ಲಾದೇಶದ ಮೊದಲ ಟಾಕಾ ನೋಟುಗಳು ಜನರ ಕೈಗೆ ಬಂದವು. ಅವು ಅಚ್ಚಾದದ್ದೂ ನಾಸಿಕ್‌ನಲ್ಲೇ.