ಇ-ಫೋಟೊ
ಡಿಜಿಟಲ್ ಫೋಟೊಗ್ರಾಮೆಟ್ರಿ ಕಲಿಕೆಗೆಂದು ಬ್ರೆಜಿಲ್‌ನ ರಿಯೊ ಡಿ ಜನೈರೊ ರಾಜ್ಯ ವಿಶ್ವವಿದ್ಯಾಲಯದಲ್ಲಿ 2004ರಿಂದ ಬೆಳೆದುಬಂದ ಮುಕ್ತ ತಂತ್ರಾಂಶ. ಒಂದೇ ನೆಲವನ್ನು ಬೇರೆ ಬೇರೆ ನೆಲೆಗಳಿಂದ ತೆಗೆದ ವೈಮಾನಿಕ ಚಿತ್ರಗಳಿಂದ ಅಳತೆ, ಎತ್ತರ, ನಕ್ಷೆ ಪಡೆಯುವುದೇ ಫೋಟೊಗ್ರಾಮೆಟ್ರಿ. ದುಬಾರಿ ವಾಣಿಜ್ಯ ತಂತ್ರಾಂಶಗಳು ಫಲಿತಾಂಶವನ್ನು ಸಲೀಸಾಗಿ ಕೊಡುತ್ತವೆ, ಅದರ ಹಿಂದಿನ ಲೆಕ್ಕವನ್ನು ಮಾತ್ರ ಮರೆಮಾಡುತ್ತವೆ. ಕಲಿಯುವವರಿಗೆ ಬೇಕಾದದ್ದು ಆ ಲೆಕ್ಕವೇ. ಇ-ಫೋಟೊದಲ್ಲಿ ವಿದ್ಯಾರ್ಥಿ ಚಿತ್ರದ ಅಂಚಿನಲ್ಲಿರುವ ಫಿಡ್ಯೂಶಿಯಲ್ ಗುರುತುಗಳನ್ನು (ಕ್ಯಾಮೆರಾವೇ ಮೂಡಿಸುವ ಆಧಾರ ಗುರುತುಗಳನ್ನು) ಹಿಗ್ಗಿಸಿ ನೋಡಿ, ಒಂದೊಂದರ ನಡುಬಿಂದುವಿನ ಮೇಲೂ ಕರ್ಸರ್ ಇಟ್ಟು ಕ್ಲಿಕ್ಕಿಸಬೇಕು. ಬಳಿಕ ಸ್ಥಾನ ಮೊದಲೇ ಗೊತ್ತಿರುವ ನೆಲದ ನಿಯಂತ್ರಣ ಬಿಂದುಗಳ ನೆರವಿನಿಂದ ಚಿತ್ರ ತೆಗೆದ ಕ್ಷಣದ ಕ್ಯಾಮೆರಾದ ಸ್ಥಾನ, ವಾಲಿಕೆಗಳನ್ನು ಕಂಡುಕೊಳ್ಳಬೇಕು. ಒಂದು ಬಿಂದು ಜರುಗಿದರೂ ಅಳತೆಗೂ ಲೆಕ್ಕಕ್ಕೂ ನಡುವಿನ ಉಳಿಕೆ ದೋಷ ಏರುತ್ತದೆ. ಕಲಿಕೆಯ ನಿಜವಾದ ಜಾಗ ಇದೇ. ಮುಂದಿನ ಘಟಕಗಳು ಹಲವು ಚಿತ್ರಗಳನ್ನು ಒಟ್ಟಿಗೆ ಲೆಕ್ಕಿಸುವ ಫೋಟೊ ತ್ರಿಭುಜೀಕರಣ, ಎತ್ತರ ಮಾದರಿ, ನಕ್ಷೆಯಂತೆ ಅಳೆಯಬಹುದಾದ ಆರ್ಥೊಚಿತ್ರ. ಗ್ನೂ ಸಾರ್ವಜನಿಕ ಪರವಾನಗಿಯಲ್ಲಿರುವುದರಿಂದ ಮೂಲ ಸಂಕೇತವನ್ನೂ ಓದಬಹುದು, ತಿದ್ದಬಹುದು.